ವಾರ್ಡರ್ ತುಳಸಿದಾಸನ ಉಪದೇಶ

ತೋಡೂರಿನ ತುಳಸಿದಾಸ ಕಾರವಾರಕ್ಕೆ ಬಂದು ಜೈಲಿನ ವಾರ್ಡರ್ ಆದ ಮೇಲೆ ಅವನ ಮೀಸೆಗೂ ಒಂದು ಸರಕಾರಿ ಗತ್ತು ಬಂದಿತ್ತು. ಅದು ಕರನಿರಾಕರಣೆಯ ಕಾಲ. ಅಂಕೋಲೆಯ ಸತ್ಯಾಗ್ರಹಿಗಳಿಂದ ಜೈಲು ತುಂಬಿಹೋಗಿತ್ತು. ಅವರೋ ವಾರ್ಡರನಿಗೇ ಉಪದೇಶ ಮಾಡುವವರು. ಹೀಗಾಗಿ ತುಳಸಿದಾಸನ ಉಪದೇಶಕ್ಕೆ ಉಳಿದವನು ಕುಪ್ಪನೊಬ್ಬನೇ.

ಕುಪ್ಪ ಅಂಕೋಲೆ ಕಡಲಂಚಿನ ಮೀನುಗಾರ. ಊರವರೆಲ್ಲ ತಂತಮ್ಮ ಬಲೆ ಜೋಡಿಸಿ ರಂಪಣಿಯೆಂಬ ದೊಡ್ಡ ಬಲೆ ಎಳೆಯುವಾಗ ಜಗಳವೆದ್ದು, ಸ್ವಂತ ತಮ್ಮನ ಕೈ ಮುರಿದು ಒಳಗೆ ಬಂದಿದ್ದ. ಅವನು ಅತ್ತಷ್ಟೂ ತುಳಸಿದಾಸ ಕಂಬಿಯಾಚೆ ನಿಂತು ಪಶ್ಚಾತ್ತಾಪದ ಮಹಿಮೆಯನ್ನು ಹೇಳಿದ. ಒಂದು ಬೆಳಿಗ್ಗೆ ನೋಡಿದರೆ ಕುಪ್ಪ ಶಾಂತನಾಗಿಬಿಟ್ಟಿದ್ದ. ತನ್ನ ಗಂಜಿಯನ್ನು ಪಕ್ಕದವನಿಗೆ ಕೊಟ್ಟ.

"ಒಡೆಯಾ, ನನ್ನ ಹೆಂಡ್ತಿ ಕಾಶಿ ಬಂದ್ರೆ ಹೇಳಿ. ರಂಪಣಿಲಿರೂ ನನ್ನ ಬಲೆ ತಮ್ಮಂಗೆ ಕೊಡೂಕೆ," ಎಂದ.

ತುಳಸಿದಾಸ ಉಬ್ಬಿಹೋದ. ಕೈದಿಯನ್ನು ತಿದ್ದಿದ್ದಕ್ಕೆ ಜೈಲರ್ ಸಾಹೇಬರು ಬೆನ್ನು ತಟ್ಟುವುದೊಂದೇ ಬಾಕಿ! ಮಧ್ಯಾಹ್ನ ಕುಪ್ಪನ ಹೆಂಡತಿ ಕಾಶಿ ಗೇಟಿಗೆ ಬಂದಾಗ ಮೀಸೆ ತಿರುವುತ್ತ ಸುದ್ದಿ ಹೇಳಿದ.

ಕಾಶಿಯ ತಲೆಯ ಮೇಲಿನ ಬುಟ್ಟಿ ನೆಲಕ್ಕೆ ಬಿತ್ತು.

"ಬಲೆ ಕೊಡೂಕೆ ಹೇಳಿದ್ನಾ? ನಮ್ಮ ಕೇರಿಲಿ ಜೀವ ಇರೂ ತನಕಾ ಯಾವ ಗಂಡ್ಸೂ ತನ್ನ ಬಲೆ ಬಿಡೂದಿಲ್ಲ! ಅಂವ ಸಾಯೂಕೆ ಹೊರಟಿದ್ದಾ. ನೀವು ನಗಾಡ್ತಾ ಹೇಳ್ತ್ರಲಾ! ಓಡಿ ಒಡೆಯಾ, ಓಡಿ!"

ತುಳಸಿದಾಸ ಓಡಿದ. ಪಗಡಿ ಬಿತ್ತು, ಎತ್ತಿಕೊಳ್ಳಲು ನಿಲ್ಲಲಿಲ್ಲ. ಬಾಗಿಲು ತೆಗೆದು ಕುಪ್ಪನ ಪಕ್ಕದಲ್ಲೇ ನೆಲಕ್ಕೆ ಕೂತ.

"ಕುಪ್ಪಾ, ಸಾಯೂ ವಿಚಾರ ಮಾಡಿದ್ಯಾ?"

ಕುಪ್ಪ ಹೌದೆಂದು ತಲೆಯಾಡಿಸಿದ. "ತಮ್ಮನ ಕೈ ಮುರಿದವ ಇದ್ದು ಎಂತಾ ಮಾಡೂದು, ಒಡೆಯಾ?"

ತುಳಸಿದಾಸನ ನಾಲಿಗೆಯ ತುದಿಗೆ ಎರಡು ಪುರಾಣಕಥೆ ಬಂದಿದ್ದವು. ಎರಡನ್ನೂ ನುಂಗಿಕೊಂಡ. "ಹೇಳು. ನಾನು ಕೇಳ್ತೆ," ಎಂದ.

ಕುಪ್ಪ ಹೇಳಿ ಮುಗಿಸುವ ಮೊದಲೇ ಜೈಲರ್ ಗುಡುಗುತ್ತ ಬಂದರು. "ಏಯ್, ಕೈದಿ ಸಂಗ್ತಿಗೆ ಕೂತೀಯಾ? ಪಗಡಿ ಎಲ್ಲಿ?"

"ಎಲ್ಲೋ ಬಿದ್ದದೆ ಸಾಹೇಬ್ರೇ. ಇವನ್ನ ಒಬ್ಬನೇ ಬಿಡೂಕಾಗೂದಿಲ್ಲ. ಡಾಕ್ಟರಿಗೆ ಹೇಳಿಕಳಿಸಿ, ಇವನ ಹೆಂಡ್ತಿನ ಒಳಗೆ ಬಿಡಿ."

"ಇವತ್ತು ಭೇಟಿ ದಿನ ಅಲ್ಲ!"

"ಹಂಗಾರೆ ನಾನೂ ಏಳೂದಿಲ್ಲ."

ಖಾದಿ ತೊಟ್ಟು ಹಟ ಹಿಡಿದವರನ್ನು ಜೈಲರ್ ಬೇಕಾದಷ್ಟು ನೋಡಿದ್ದರು. ಖಾಕಿ ತೊಟ್ಟ ಸತ್ಯಾಗ್ರಹಿಗೆ ಏನು ಮಾಡಬೇಕೆಂದು ಯಾವ ಕಾನೂನಿನಲ್ಲೂ ಇರಲಿಲ್ಲ. ಕಾಶಿ ಒಳಗೆ ಬಂದಳು.

"ಅಣ್ಣ ಯಾವಾಗ ಬತ್ತಾ ಅಂತ ನಿನ್ನ ತಮ್ಮ ದಿನಾ ಕೇಳ್ತಾ," ಎಂದು ಬೈಯುತ್ತ ಅತ್ತಳು. "ಬಲೆ ಕೊಡೂದಾದ್ರೆ ನೀನೇ ಬಂದು ಕೊಡು!"

ಡಾಕ್ಟರ್ ಬಂದು ನೋಡಿದರು. ಅಂದಿನಿಂದ ಕುಪ್ಪನ ವಾಸ ಸತ್ಯಾಗ್ರಹಿಗಳ ಕೋಣೆಯಲ್ಲಿ. ಅವರ ಭಜನೆಯ ನಡುವೆ ಒಂಟಿಯಾಗಿರುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಹಾಗೆಂದು ಅವನ ದುಃಖ ಮಾಯವಾಗಲಿಲ್ಲ; ಕೆಲವು ದಿನ ಮಾತೇ ಆಡುತ್ತಿರಲಿಲ್ಲ. ತುಳಸಿದಾಸ ಮಾತ್ರ ಪ್ರತಿ ಬೆಳಿಗ್ಗೆ ಪಕ್ಕಕ್ಕೆ ಬಂದು ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದ.

"ದಿನಾ ಇದನ್ನೇ ಕೇಳ್ತ್ರಲಾ ಒಡೆಯಾ, ನಿಮ್ಗೆ ಬೇಜಾರು ಬರೂದಿಲ್ವಾ?"

"ಬತ್ತದೆ ಮಾರಾಯಾ. ಹೇಳು, ಇವತ್ತು ಹೆಂಗದೆ?"