ಬೂದು ಬಣ್ಣದ ಸಾಲುಗಳು

ದುರ್ಗಿಗುಡಿಯ ಒಂದು ಆಫೀಸಿನಲ್ಲಿ ನನಗೆ ಕಂಪ್ಯೂಟರ್ ಕೆಲಸ. ಯಾರು ಯಾರದೋ ಮಾಹಿತಿಯನ್ನು ಪೈಥಾನ್ ಪ್ರೋಗ್ರಾಮಿನಿಂದ ಎಕ್ಸೆಲ್ ಹಾಳೆಗೆ ಇಳಿಸಿ, ತಲೆಬರಹ ದಪ್ಪ ಮಾಡಿ, ಸಾಲುಗಳಿಗೆ ಬಣ್ಣ ಹಚ್ಚಿ ಕೊಡುವುದೇ ನನ್ನ ಹೊಟ್ಟೆಪಾಡು. ಮನೆಯಲ್ಲಿ ಇದನ್ನು ಮೆಚ್ಚಿದವರು ಅಪ್ಪ ಒಬ್ಬರೇ, ಅದೂ ತಮ್ಮ ಸ್ವಾರ್ಥಕ್ಕೆ.

ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ನಿವೃತ್ತರಾದ ಮೇಲೂ ತಿಂಗಳ ಮೊದಲ ಭಾನುವಾರ ಹಳೆಯ ಜೊತೆಗಾರರಿಗೆಲ್ಲ ಫೋನ್ ಮಾಡುತ್ತಿದ್ದರು. ಅದಕ್ಕೊಂದು ಪಟ್ಟಿ ಬೇಕಿತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಪ್ರಿಂಟ್ ತಂದುಕೊಟ್ಟರೆ ಸಿಡುಕಿದರು.

"ಇದೇನೇ, ರೇಷನ್ ಅಂಗಡಿ ಲಿಸ್ಟ್ ಇದ್ದಂಗಿದೆ! ಯಾರನ್ನ ಯಾರು ಬಿಡಿಸ್ತಿದ್ರೋ ಅವರ ಕೆಳಗೆ ಅವರು ಬರ್ಬೇಕು."

ಶಿಫ್ಟ್ ಮುಗಿದರೂ ಮುಂದಿನವನು ಬಂದು ಬಿಡಿಸುವ ತನಕ ಕ್ರೇನಿನ ಕ್ಯಾಬಿನ್‌ನಿಂದ ಇಳಿಯುವಂತಿರಲಿಲ್ಲ. ಅಪ್ಪನನ್ನು ಬಿಡಿಸಲು ಬರುತ್ತಿದ್ದವರು ನಾವು ತಮಿಳು ಮಾಮ ಎನ್ನುತ್ತಿದ್ದವರು. ಮಾಮ ದಿನಾ ತಡ. ಅಪ್ಪ ದಿನಾ ಬೈಯುತ್ತಿದ್ದರು. ಆದರೂ ನಿವೃತ್ತಿಯವರೆಗೆ ಇಬ್ಬರೂ ಜೋಡಿ ಬದಲಿಸಿಕೊಳ್ಳಲಿಲ್ಲ. ಹಾಗಾಗಿ ಹೊಸ ಪಟ್ಟಿಯಲ್ಲಿ ಅಪ್ಪನ ಹೆಸರಿನ ಕೆಳಗೇ ಮಾಮನ ಹೆಸರು ಬಂತು.

ಇನ್ನೊಂದು ಷರತ್ತಿತ್ತು. ತೀರಿಕೊಂಡವರನ್ನು ಪಟ್ಟಿಯಿಂದ ತೆಗೆಯಕೂಡದು, ಅವರ ಸಾಲು ಬೂದು ಬಣ್ಣವಾಗಬೇಕು. ಬೂದು ಕಂಡರೆ ಅವರ ಮನೆಯವರನ್ನು ವಿಚಾರಿಸಬೇಕು, ಅಷ್ಟೇ ವ್ಯತ್ಯಾಸ. ಪ್ರೋಗ್ರಾಮಿಗೆ ಅದನ್ನೂ ಕಲಿಸಿದೆ. ಬರಬರುತ್ತಾ ಹಾಳೆಯಲ್ಲಿ ಬಿಳಿಗಿಂತ ಬೂದು ಹೆಚ್ಚಾಯಿತು.

ಈ ವರ್ಷ ಅಪ್ಪನ ಹೃದಯ ದುರ್ಬಲವಾಯಿತು. ರಾಗಿಗುಡ್ಡದ ನನ್ನ ಮನೆಗೆ ಕರೆದುಕೊಂಡು ಬಂದೆ. ಮನಸ್ಸಿಗೆ ಆಘಾತವಾಗುವ ಸುದ್ದಿ ಹೇಳಬೇಡಿ ಎಂದಿದ್ದರು ಡಾಕ್ಟರು. ಅದೇ ವಾರ ಭದ್ರಾವತಿಯಲ್ಲಿ ಮಾಮ ತೀರಿಕೊಂಡರು. ನಾನೊಬ್ಬಳೇ ಹೋಗಿ ಮಣ್ಣು ಮುಗಿಸಿ ಬಂದೆ, ಅಭ್ಯಾಸಬಲದಿಂದ ಅವರು ತೀರಿಕೊಂಡದ್ದನ್ನು ಕಂಪ್ಯೂಟರಿಗೂ ಸೇರಿಸಿದೆ.

ಭಾನುವಾರ ಬಂತು, ಅಪ್ಪ ಪಟ್ಟಿ ಕೇಳಿದರು. ಮಾಮ ಮಗಳ ಊರಿಗೆ ಹೋಗಿದ್ದಾರೆ, ಫೋನ್ ಸಿಗುವುದಿಲ್ಲ ಎಂದು ಹೇಳುವುದೆಂದುಕೊಂಡೆ. ಅವರ ಸಾಲಿನ ಬೂದು ಮರೆಸುವ ಗಡಿಬಿಡಿಯಲ್ಲಿ ಪ್ರೋಗ್ರಾಮಿನಿಂದ ಬಣ್ಣ ಹಚ್ಚುವ ಭಾಗವನ್ನೇ ಅಳಿಸಿ, ಪ್ರಿಂಟ್ ತೆಗೆದು ಅಪ್ಪನ ಕೈಗಿಟ್ಟೆ.

ಅಪ್ಪ ಕನ್ನಡಕ ಏರಿಸಿಕೊಂಡು ನೋಡಿ ನಕ್ಕೇಬಿಟ್ಟರು. "ಎಲ್ಲರನ್ನೂ ಬದುಕಿಸ್ಬಿಟ್ಟಿದೀಯಲ್ಲೇ ಮಾರಾಯ್ತಿ!"

ಆಗಷ್ಟೇ ನಾನೂ ಹಾಳೆ ನೋಡಿದ್ದು. ಒಂದೇ ಒಂದು ಬೂದು ಸಾಲಿರಲಿಲ್ಲ. ಎಂಥ ಪೆದ್ದಿ ನಾನು ಎನಿಸಿತು. ಅಪ್ಪನ ನಗು ನಿಂತಿತು.

"ಯಾರನ್ನ ಮುಚ್ಚಿಡೋಕೆ ಹೀಗ್ ಮಾಡ್ದೆ?"

ಅವರ ಬೆರಳು ತಮ್ಮ ಹೆಸರಿಗೆ ಹೋಯಿತು, ಅಲ್ಲಿಂದ ಒಂದು ಸಾಲು ಕೆಳಗಿಳಿಯಿತು. "ಇವ್ನಾ?"

ನನಗೆ ಅಳು ತಡೆಯಲಾಗಲಿಲ್ಲ.

"ದಿನಾ ತಡ ಮಾಡೋನು, ಇದಕ್ಕೆ ಮಾತ್ರ ಅವಸರ ಮಾಡ್ದ," ಎಂದರು. ಆಮೇಲೆ ಹಾಳೆಯನ್ನು ನನ್ನತ್ತ ತಳ್ಳಿದರು. "ಬಣ್ಣ ಹಾಕ್ಕೊಂಡ್ ಬಾ."

ಅಳಿಸಿದ್ದನ್ನು ಮತ್ತೆ ಬರೆದು, ಬೇರೆ ಪ್ರಿಂಟ್ ತಂದುಕೊಟ್ಟೆ. ಅಪ್ಪನ ಬಿಳಿ ಸಾಲಿನ ಕೆಳಗೆ ಮಾಮನದು ಬೂದು. ಅಪ್ಪ ಅದನ್ನು ನೋಡಿಯೇ ಮಾಮನ ಹೆಂಡತಿಗೆ ಫೋನ್ ಹಚ್ಚಿದರು. ಆ ಕಡೆಯ ಅಳು ನನಗೂ ಕೇಳುತ್ತಿತ್ತು. ಅದು ನಿಲ್ಲುವವರೆಗೆ ಕಾದು ಅಪ್ಪ ಹೇಳಿದರು:

"ಅವನು ಬಿಡಿಸೋಕೆ ಬರ್ತಾನೆ ಅಂತ ಕಾಯ್ತಾ ಇದ್ದೆ ಕಣಮ್ಮ. ನಾನಿನ್ನೂ ಕ್ರೇನ್ ಮೇಲೇ ಕೂತಿದೀನಿ."