ಕೌದಿಗೆ ಬಿದ್ದ ಒಂದು ಸ್ಟಾರ್

ಕೊರೊನಾ ಮುಗಿದ ಮರುವರ್ಷ. ಕುಷ್ಟಗಿಯ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡು ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆಗಳನ್ನು, ಅಂದರೆ ಕೌದಿಗಳನ್ನು, ಕೊಪ್ಪಳದಿಂದ ಆನ್‌ಲೈನ್‌ನಲ್ಲಿ ಮಾರಿಕೊಡುವುದು ನನ್ನ ಉದ್ಯೋಗವಾಗಿತ್ತು. ಕೊಂಡವರು ಒಂದರಿಂದ ಐದರವರೆಗೆ ಕೊಡುವ ಸ್ಟಾರ್‌ಗಳ ಸರಾಸರಿಯೇ ಮಾರಾಟಗಾರರ ರೇಟಿಂಗ್. ಅದು ಇಳಿದರೆ ನಮ್ಮ ಸರಕು ಹಿಂದಿನ ಪುಟಗಳಿಗೆ ಸರಿಯುತ್ತದೆ, ಅಲ್ಲಿಯವರೆಗೆ ಹುಡುಕಿಕೊಂಡು ಬರುವ ಪುಣ್ಯಾತ್ಮರು ಕಡಿಮೆ. ಹಳೆಯ ಅಂಗಡಿ ಒಂದು ಏಟು ತಡೆದುಕೊಳ್ಳುತ್ತದೆ. ನಮ್ಮದು ಹೊಸದು, ರೇಟಿಂಗ್ ಕೊಟ್ಟವರೇ ಬೆರಳೆಣಿಕೆಯಷ್ಟು.

ನಮ್ಮಲ್ಲಿ ಕೌದಿ ಮುಗಿಸುವಾಗ ಮೂಲೆಯಲ್ಲಿ ರೊಟ್ಟಿ ಚೂರಿಟ್ಟು ಹೊಲಿಯುವುದುಂಟು, ಕೌದಿ ಹಸಿದಿರಬಾರದು ಎಂದು. ಮಾರುವ ಕೌದಿಗೆ ಇದು ಬೇಡ, ಹುಳ ಬಿದ್ದಾವು ಎಂದು ಮೊದಲೇ ಹೇಳಿದ್ದೆ. ನಮ್ಮ ಹಿರಿಯ ಹೊಲಿಗೆಗಾರ್ತಿ ಹುಲಿಗೆವ್ವ ಮುಖ ಸಿಂಡರಿಸಿಕೊಂಡೇ ಒಪ್ಪಿದ್ದಳು.

ಒಂದು ದಿನ ಒಂದೇ ಸ್ಟಾರ್ ಬಿತ್ತು. ಜೊತೆಗೆ ಫೋಟೊ: ಬಿಚ್ಚಿದ ಮೂಲೆ, ಬೂಷ್ಟು ಹಿಡಿದ ರೊಟ್ಟಿ. 'ಹೊಲಸು ಜನ, ಹೊಲಸು ಕೌದಿ' ಎಂಬ ಬರಹ. ಆರ್ಡರ್‌ಗಳು ನಿಂತೇಹೋದವು.

"ನನ್ನ ಕೈ ಹೊಲಸಂತ ಊರಿಗೆಲ್ಲಾ ಸಾರ್ಯಾರಲ್ರಿ ಅಕ್ಕಾರ" ಎಂದು ಹುಲಿಗೆವ್ವ ಸೂಜಿ ಎತ್ತಿಟ್ಟಳು. ಅವಳು ಹೊಲಿಯದಿದ್ದರೆ ಆ ಓಣಿಯಲ್ಲಿ ಉಳಿದವರೂ ಹೊಲಿಯುವುದಿಲ್ಲ.

ಫೋಟೊ ದೊಡ್ಡದು ಮಾಡಿ ನೋಡಿದೆ. ಮೂಲೆಯ ತೇಪೆ ನನ್ನದೇ ಹಳೆಯ ಇಳಕಲ್ ಸೀರೆಯ ಸೆರಗು! ಅದನ್ನು ಹಾಕಿದ್ದು ಒಂದೇ ಕೌದಿಗೆ, ಅದೂ ಮಾರಾಟದ್ದಲ್ಲ. ನಮ್ಮ ಸರಕಿನ ಫೋಟೊ ತೆಗೆಯುತ್ತಿದ್ದ ಗಂಗಾವತಿಯ ಶರಣಪ್ಪನಿಗೆ ಮಗುವಾದಾಗ ಹುಲಿಗೆವ್ವ ರೊಟ್ಟಿಯಿಟ್ಟು, ಹರಸಿ ಕೊಟ್ಟದ್ದು. ಈಗ ಅವನು ನಮ್ಮನ್ನು ಬಿಟ್ಟು ಮಷಿನ್ ಕೌದಿ ಮಾರುತ್ತಿದ್ದ. ಆಮೇಲೆ ತಿಳಿಯಿತು, ಬೀಗರೊಬ್ಬರ ಖಾತೆಯಿಂದ ನಮ್ಮ ಕೌದಿ ತರಿಸಿ, ಅದರಲ್ಲಿ ರೊಟ್ಟಿ ಸಿಗದೆ, ಮಗುವಿನದನ್ನೇ ಬಿಚ್ಚಿ ಫೋಟೊ ಹಾಕಿದ್ದ. ಉಂಡ ಮನೆಯ ಜಂತಿ ಎಣಿಸುವವರನ್ನು ಕಂಡಿದ್ದೆ, ಇವನು ಜಂತಿಯನ್ನೇ ಕಿತ್ತಿದ್ದ.

ಆನ್‌ಲೈನ್ ಮಾರಾಟದ ಕಂಪನಿಗೆ ದೂರು ಕೊಟ್ಟಿದ್ದರೆ ಸದ್ದಿಲ್ಲದೆ ಅಳಿಸುತ್ತಿದ್ದರೇನೋ. ನನಗೆ ಸದ್ದು ಬೇಕಿತ್ತು. ಹುಲಿಗೆವ್ವನನ್ನು ಕರೆದುಕೊಂಡು ಗಂಗಾವತಿಗೆ ಹೋಗಿ, ಶರಣಪ್ಪನ ತಾಯಿಯ ಮುಂದೆ ಫೋನ್ ಹಿಡಿದೆ. ಆಕೆ ಒಳಗಿನಿಂದ ಕೌದಿ ತಂದು ಬಿಡಿಸಿದರು. ಮೂಲೆ ಬಾಯಿ ತೆರೆದಿತ್ತು.

"ಕೂಸಿನ ಕೌದಿ ಹೊಟ್ಟಿ ಹರದು ಅಂಗಡಿ ನಡಸ್ತೀಯೇನೋ?" ಎಂದು ಅಲ್ಲೇ ನಿಂತಿದ್ದ ಮಗನತ್ತ ತಿರುಗಿದರು. ಸುಳ್ಳೇಕೆ, ನನ್ನ ಹೊಟ್ಟೆ ತಣ್ಣಗಾಯಿತು.

"ಈಗ ಅಳಸ್ತೀನ್ರಿ ಅಕ್ಕಾರ" ಎಂದ ಶರಣಪ್ಪ.

"ಅಳಸಬ್ಯಾಡ. ಅದರಾಗ ಖರೆ ಬರಿ" ಎಂದೆ.

ತಾನೂ ಕೌದಿ ಮಾರುವವನೆಂದು, ಫೋಟೊದಲ್ಲಿರುವುದು ಮಗುವಿಗೆ ಬಂದ ಉಡುಗೊರೆಯೆಂದು ನಮ್ಮೆದುರೇ ಬರೆದ. ಅದನ್ನು ಕಂಪನಿಗೆ ಕಳಿಸಿದೆ. ಅವನ ಆನ್‌ಲೈನ್ ಅಂಗಡಿ ಮುಚ್ಚಿಸಿದರು. ನಮಗೆ ಆರ್ಡರ್‌ಗಳು ನಿಧಾನಕ್ಕೆ ಮರಳಿದವು.

ಅಂದು ಹೊರಡುವಾಗ ಹುಲಿಗೆವ್ವ ಕೌದಿ ಮಡಚಿ ಕಂಕುಳಿಗಿಟ್ಟುಕೊಂಡಳು. "ಕೊಟ್ಟ ಕೌದಿ ತಿರುಗಿ ಒಯ್ಯಬಾರದಂತಾರ. ನಾ ಒಯ್ತೀನ್ರಿ" ಎಂದಳು. ಯಾರೂ ತಡೆಯಲಿಲ್ಲ.

ಸ್ಟಾರ್ ಎಣಿಸುವ ಮೊದಲು ಕೊಟ್ಟವರು ಯಾರು, ಏನು ತೋರಿಸಿದ್ದಾರೆ ನೋಡಿ ಎಂದು ಈಗ ಆನ್‌ಲೈನ್ ಮಾರಾಟಕ್ಕಿಳಿಯುವ ಹೊಸಬರಿಗೆ ಹೇಳಿಕೊಡುತ್ತೇನೆ. ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ ಎಂದೂ ಹೇಳುತ್ತೇನೆ. ಸಿಟ್ಟೇ ಬಿಡಿ ಎಂದು ಮಾತ್ರ ಹೇಳುವುದಿಲ್ಲ. ಶರಣಪ್ಪ ಈಗಲೂ ಯುಗಾದಿಗೆ ಶುಭಾಶಯ ಕಳಿಸುತ್ತಾನೆ. ನೋಡುತ್ತೇನೆ. ಉತ್ತರ ಕೊಟ್ಟಿಲ್ಲ.