ಪುಸ್ತಕ ಮೂಸುತ್ತಿದ್ದ ಭಟ್ರು

ಅವರ ಮೂಗಿನ ಹೊಳ್ಳೆಗಳಿಂದ ಬಿಳಿ ಕೂದಲು ಹೊರಗೆ ಇಣುಕುತ್ತಿತ್ತು. ನಾವು ಓದಿ ವಾಪಸು ತಂದ ಪುಸ್ತಕ ಹತ್ತಿರ ಬಂದರೆ ಸಾಕು, ಹುಲ್ಲು ಕಂಡ ದನದ ಹಾಗೆ ಹೊಳ್ಳೆ ಎರಡೂ ಅರಳುತ್ತಿದ್ದವು. ಮೊದಲು ರಟ್ಟು ಮೂಸುವುದು, ಆಮೇಲೆ ನಡುವಿನ ಹಾಳೆ. ಮೂಸಿ ಹೇಳುತ್ತಿದ್ದರು, "ಬಂಗುಡೆ." ಹಿಂದಿನ ದಿನ ನಾವು ತಿಂದದ್ದು ಬಂಗುಡೆಯೇ. ಮೀನು ಮುಟ್ಟದ ಮನುಷ್ಯನಿಗೆ ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ಹೇಗೆ ತಿಳಿಯುತ್ತಿತ್ತೋ! "ಆಸೆ ಉಂಟು ಭಟ್ರಿಗೆ, ಪಾಪ," ಎಂದು ಅಮ್ಮ ನಗುತ್ತಿದ್ದರು.

ಮೊದಲು ದೇವಸ್ಥಾನದ ಪೂಜೆಗೆ ಇದ್ದವರು, ಹಾಗಾಗಿ ನಮ್ಮ ಜೆಪ್ಪು ಕೇರಿಯಲ್ಲಿ ಎಲ್ಲರಿಗೂ ಅವರು ಭಟ್ರು. ಆ ಕೆಲಸ ಬಿಟ್ಟ ಮೇಲೆ ಮನೆಯ ಜಗಲಿಯಲ್ಲಿ ಮಕ್ಕಳ ಚಿತ್ರದ ಪುಸ್ತಕ, ಕಾಮಿಕ್ಸ್ ಬಾಡಿಗೆಗೆ ಕೊಡುತ್ತಿದ್ದರು. ಎಪ್ಪತ್ತರ ದಶಕದ ಮಾತು. ಪ್ರೀತಿಯ ಮನುಷ್ಯ ಏನೂ ಅಲ್ಲ. ಹಾಳೆ ಮಡಚಿದರೆ ಬೈಗುಳ, ಎಂಜಲು ಬೆರಳಿನಲ್ಲಿ ಮಗುಚಿದರೆ ಬೈಗುಳ. ಪುಸ್ತಕ ಕನ್ನಡದ್ದು ಎಂದೋ ಏನೋ, ತುಳು ಆಡುವ ನಮ್ಮನ್ನು ಅವರು ಬೈಯುತ್ತಿದ್ದದ್ದು ಕನ್ನಡದಲ್ಲೇ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಪ್ಪ ತೀರಿಹೋಗಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು, ತಮ್ಮನನ್ನು ನೋಡಿಕೊಳ್ಳಲು ಜನ ಬೇಕಿತ್ತು. ಅವನನ್ನು ಒಂದು ಕಡೆ ಕೂರಿಸಲು ಈ ಪುಸ್ತಕ ಬಿಟ್ಟರೆ ಬೇರೆ ಉಪಾಯ ಇರಲಿಲ್ಲ. ಚಿತ್ರ ಅವನಿಗೆ, ಅಕ್ಷರ ನನಗೆ. ಒತ್ತಕ್ಷರ ಬಂದಲ್ಲಿ ನಾನು ಕೆಸರು ದಾಟಿದ ಹಾಗೆ ಹಾರಿಬಿಡುತ್ತಿದ್ದೆ. "ಅಕ್ಕ, ಹಾರಿದೆ ನೀನು," ಎಂದು ಅವನು ಹಿಡಿಯುತ್ತಿದ್ದ.

ಅವನಿಗೆ ಸೀತಾಳೆ ಸಿಡುಬು ಎದ್ದಾಗ ಮನೆಯಲ್ಲಿದ್ದದ್ದು ಒಂದು ಹಡಗಿನ ಕಥೆ. ಕೊನೆಯ ಹಾಳೆಯಲ್ಲಿ ಒಬ್ಬ ಹುಡುಗ ಹಗ್ಗಕ್ಕೆ ನೇತಾಡುತ್ತಿದ್ದಾನೆ, ಕೆಳಗೆ ಸಮುದ್ರ. ಮುಂದಿನದ್ದು ಎರಡನೇ ಭಾಗದಲ್ಲಿ.

ಸಿಡುಬಿನ ಮನೆಯಲ್ಲಿ ಮೀನು ಬೇಯುವುದಿಲ್ಲ, ಒಗ್ಗರಣೆ ಸಿಡಿಯುವುದಿಲ್ಲ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಬಾಗಿಲಲ್ಲಿ ಸೊಪ್ಪು ಕಂಡರೆ ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನವರು ನಮ್ಮದನ್ನು ಮುಟ್ಟುವುದಿಲ್ಲ. ಬೀಡಿ ನಿಂತರೆ ಒಲೆಯೂ ನಿಂತ ಹಾಗೆ. ಅಮ್ಮ ಮೀನು ಬಿಟ್ಟರು, ಆದರೆ ಸೊಪ್ಪನ್ನು ಬಾಗಿಲಿಗೆ ಕಟ್ಟದೆ ತಮ್ಮನ ಚಾಪೆಯ ಅಡಿಗೆ ಹಾಸಿದರು. "ಹೊರಗೆ ಬಾಯಿ ಬಿಟ್ಟರೆ ನೋಡು," ಎಂದರು ನನಗೆ.

ತಮ್ಮನಿಗೆ ಬಾಯೊಳಗೂ ಗುಳ್ಳೆ. ಗಂಜಿತಿಳಿ ಕೂಡ ಇಳಿಯುತ್ತಿರಲಿಲ್ಲ. "ಹೀಗೇ ಆದರೆ ಮಗು ದಕ್ಕುವುದಿಲ್ಲ," ಎಂದು ಅಮ್ಮ ಬೀಡಿ ಸುತ್ತುತ್ತಲೇ ಹೇಳಿದರು. ಅವನದು ಒಂದೇ ಹಠ. "ಆ ಹುಡುಗ ಬಿದ್ದನಾ? ಹೇಳಿದರೆ ಕುಡೀತೇನೆ." ಬಾಯಿಗೆ ಬಂದದ್ದು ಹೇಳಿದೆ. "ಸುಳ್ಳು," ಎಂದು ಗೋಡೆಗೆ ತಿರುಗಿದ.

ಚಾಪೆಯ ಹತ್ತಿರ ಬಿದ್ದಿದ್ದ ಪುಸ್ತಕ ಎತ್ತಿಕೊಂಡು ಓಡಿದೆ. ಭಟ್ರು ರಟ್ಟು ಮೂಸಿದರು. ನಡುವಿನ ಹಾಳೆ ಮೂಸಿದರು. ಮತ್ತೊಮ್ಮೆ ಮೂಸಿದರು.

"ಎಂತ ಮಾರಾಯ್ತಿ, ಮೀನಿನ ವಾಸನೆಯೇ ಇಲ್ಲ?"

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಬೇವು. ಸಿಡುಬು ಯಾರಿಗೆ?"

"ಯಾರಿಗೂ ಇಲ್ಲ ಭಟ್ರೇ."

ಪುಸ್ತಕವನ್ನು ಅಂಗಳಕ್ಕೆ ಎಸೆದು, ಸೀಮೆಎಣ್ಣೆ ಸುರಿದು, ಕಡ್ಡಿ ಗೀರಿದರು. ಹಾಳೆ ಮಡಚಿದರೆ ಜೀವ ತೆಗೆಯುವ ಮನುಷ್ಯ! "ನಾಳೆ ಇದನ್ನು ಇನ್ನೊಂದು ಮನೆಯ ಮಗು ಹಿಡಿಯುತ್ತಿತ್ತು. ಅಮ್ಮನಿಗೆ ಹೇಳು, ಇವತ್ತೇ ಬಾಗಿಲಿಗೆ ಸೊಪ್ಪು ಕಟ್ಟಬೇಕು. ಇಲ್ಲದಿದ್ದರೆ ಬ್ರಾಂಚಿಗೆ ನಾನೇ ಹೋಗಿ ಹೇಳ್ತೇನೆ."

ನಾನು ಜಾಗ ಬಿಟ್ಟು ಕದಲಲಿಲ್ಲ. "ಎರಡನೇ ಭಾಗ ಕೊಡಿ. ಅದಿಲ್ಲದೆ ತಮ್ಮ ಗಂಜಿ ಕುಡಿಯುವುದಿಲ್ಲ. ಸಾಯ್ತಾನೆ."

"ಪುಸ್ತಕ ಆ ಮನೆಗೆ ಬರುವುದಿಲ್ಲ." ನನ್ನ ಮುಖ ನೋಡಿದರು. "ನಿನಗೆ ಬಂದು ಹೋಗಿದೆಯಾ?"

ಹಣೆಯ ಮೇಲಿನ ಹಳೆಯ ಕಲೆ ತೋರಿಸಿದೆ.

"ಹಾಗಾದರೆ ಕೈ ಹಿಂದೆ ಕಟ್ಟು."

ಜಗಲಿಯ ಕಟ್ಟೆಯ ಮೇಲೆ ಪುಸ್ತಕ ಬಿಡಿಸಿಟ್ಟರು. ನಾನು ಅಂಗಳದಲ್ಲಿ ನಿಂತು ಬಗ್ಗಿ ಓದಬೇಕು, ಹಾಳೆ ಅವರು ಮಗುಚಬೇಕು. "ನೀವೇ ಓದಿ ಹೇಳಿ ಭಟ್ರೇ, ಬೇಗ ಆಗ್ತದೆ," ಎಂದೆ.

"ತಮ್ಮನಿಗೆ ಹೇಳುವುದು ನೀನಾ, ನಾನಾ? ಓದು. ಉಸಿರು ಆಚೆ ಬಿಡು."

'ಮತ್ಸ್ಯ' ಎಂಬಲ್ಲಿ ಸಿಕ್ಕಿಬಿದ್ದೆ. ಹಾರಲು ನೋಡಿದೆ. ಅವರು ಹಾಳೆ ಮಗುಚಲಿಲ್ಲ. ಮನೆಯಲ್ಲಿ ತಮ್ಮ ಕಣ್ಣು ಬಿಟ್ಟಿದ್ದಾನೋ ಇಲ್ಲವೋ, ಇಲ್ಲಿ ಈ ಮುದುಕ ಒಂದು ಅಕ್ಷರಕ್ಕೆ ನನ್ನನ್ನು ಕಟ್ಟಿಹಾಕಿದ್ದಾನೆ. ಕೊಂದುಬಿಡುವಷ್ಟು ಸಿಟ್ಟು ಬಂತು.

"ದಿನಾ ತಿನ್ತೀರಿ, ಹೇಳಲಿಕ್ಕೆ ಬರುವುದಿಲ್ವಾ?" ಎಂದರು.

ಹೇಳಿದೆ. ಹಾಳೆ ಮಗುಚಿದರು.

ಮನೆಗೆ ಬಂದು ತಮ್ಮನ ಪಕ್ಕ ಕುಳಿತೆ. ಚಾಪೆಯ ಮೇಲೆ ಬೆರಳಿನಿಂದ ಚೌಕ ಎಳೆದೆ. ಮೇಲಿನ ಚೌಕದಲ್ಲಿ ಹಗ್ಗ ತುಂಡಾಯಿತು. ಪಕ್ಕದ್ದರಲ್ಲಿ ಬರೀ ನೀರು. ಕೆಳಗಿನದರಲ್ಲಿ ಹುಡುಗ ದೊಡ್ಡದೊಂದು ಮತ್ಸ್ಯದ ಬೆನ್ನ ಮೇಲೆ ಕುಳಿತಿದ್ದಾನೆ. ತಮ್ಮ ನನ್ನ ಮುಖವನ್ನೇ ನೋಡಿದ.

"ಇವತ್ತು ಹಾರಲಿಲ್ಲ ನೀನು," ಎಂದ. ಬಾಯಿ ತೆರೆದ. ಒಂದು ಚಮಚ ಇಳಿಯಿತು. ಇನ್ನೊಂದು ಇಳಿಯಿತು.

ಆಮೇಲೆ ಭಟ್ರು ಹೇಳಿದ್ದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಭಟ್ರ ಹಿಂದಿನವರನ್ನೂ ಮುಂದಿನವರನ್ನೂ ಸೇರಿಸಿ ಬೈದು ಬಾಗಿಲಿಗೆ ಸೊಪ್ಪು ಕಟ್ಟಿದರು. ಬ್ರಾಂಚಿನವರು ಬೀಡಿ ಬೇಡವೆಂದರು. ಮಾರನೆಯ ದಿನ ನಾನು ಓದಲು ಹೋದಾಗ ಕಟ್ಟೆಯ ಮೇಲೆ ಪುಸ್ತಕದ ಪಕ್ಕ ಒಂದು ತೊಟ್ಟೆಯಲ್ಲಿ ಕಟ್ಟಿಟ್ಟ ಅಕ್ಕಿ ಇತ್ತು. "ಪುಸ್ತಕ ಮುಟ್ಟಬೇಡ. ಅದು ಮುಟ್ಟಬಹುದು," ಎಂದರು, ಅಷ್ಟೇ. ಅಮ್ಮ ಬೈಯುತ್ತಲೇ ಬೇಯಿಸಿದರು. ಸಿಡುಬು ಇಳಿದು ತಮ್ಮನ ತಲೆಗೆ ನೀರು ಹಾಕುವವರೆಗೂ ಹೀಗೆಯೇ ನಡೆಯಿತು: ಕೈ ಕಟ್ಟಿ ಓದುವುದು, ತೊಟ್ಟೆ ಹಿಡಿದು ಬರುವುದು.

ಈಗ ಮೊಮ್ಮಕ್ಕಳಿಗೆ ಓದಿ ಹೇಳುವಾಗ ನಾನು ಯಾವ ಅಕ್ಷರವನ್ನೂ ಹಾರುವುದಿಲ್ಲ. ನನ್ನ ವಿದ್ಯೆ ಅಷ್ಟೇ, ಅದು ಆ ಕಟ್ಟೆಯದು.

ಎಂಬತ್ತರ ದಶಕದ ಕೊನೆಗೆ ಮನೆಮನೆಗೆ ಟಿ.ವಿ. ಬಂತು, ಭಟ್ರ ಜಗಲಿಗೆ ಮಕ್ಕಳು ಬರುವುದು ನಿಂತಿತು. ಅವರು ತೀರಿಹೋದ ಸುದ್ದಿ ಕೇಳಿ ನಾನು ಗಂಡನ ಮನೆಯಿಂದ ಬಂದೆ, ತಮ್ಮ ಬೈಕಂಪಾಡಿಯ ವರ್ಕ್‌ಶಾಪಿನಿಂದ ಗ್ರೀಸ್ ಕೈಯಲ್ಲೇ ಬಂದ. ಅದೇ ಜಗಲಿಯಲ್ಲಿ ಮಲಗಿಸಿದ್ದರು. ಬಗ್ಗಿ ನೋಡಿದೆ. ಮೂಗಿಗೆ ಹತ್ತಿ ಇಟ್ಟಿದ್ದರು.

ತಮ್ಮ ಮೊಣಕೈಯಿಂದ ತಿವಿದ. "ಅಕ್ಕ, ಕೈ ಮುಗಿ."

ಆಗ ಗೊತ್ತಾಯಿತು. ನನ್ನ ಕೈ ಎರಡೂ ಬೆನ್ನ ಹಿಂದೆ ಇದ್ದವು.